ಲವಂಗದ ಎಣ್ಣೆಯನ್ನು ಹಲ್ಲುನೋವಿಗೆ ನೇರವಾಗಿ ಹಚ್ಚಬಹುದೇ? ಒಳ್ಳೆಯ ಎಣ್ಣೆಯನ್ನು ಗುರುತಿಸುವುದು ಹೇಗೆ?

ವಿನೋಬನಗರದ ಓದುಗಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಯವರಿಗೆ ಕೆಳದವಡೆಯ ಒಂದು ಹಲ್ಲು ಹುಳುಕಾಗಿದೆ. ರಾತ್ರಿ ಹೊತ್ತು ನೋವು ಹೆಚ್ಚಾದಾಗ ಅವರು ಹತ್ತಿಯನ್ನು ಲವಂಗದ ಎಣ್ಣೆಯಲ್ಲಿ ಅದ್ದಿ ಆ ಹಲ್ಲಿನ ಮೇಲೆ ಇಟ್ಟುಕೊಳ್ಳುತ್ತಾರೆ. ನೋವು ಸ್ವಲ್ಪ ಹೊತ್ತು ಇಳಿಯುತ್ತದೆ ಎಂಬುದು ನಿಜ, ಆದರೆ ಎಣ್ಣೆ ತಗುಲಿದ ವಸಡು ಬೆಳ್ಳಗಾಗಿ ಉರಿಯುತ್ತದೆ ಎಂದು ಈಗ ಹೇಳುತ್ತಿದ್ದಾರೆ. ಸೀಸೆಯ ಮೇಲೆ ಲವಂಗದ ಎಣ್ಣೆ ಎಂದಷ್ಟೇ ಮುದ್ರಿಸಿದ್ದಾರೆ. ಲವಂಗದ ಯಾವ ಭಾಗದಿಂದ ತೆಗೆದದ್ದು, ಬೇರೇನಾದರೂ ಬೆರೆತಿದೆಯೇ, ಎಷ್ಟು ಹಚ್ಚಬೇಕು ಎಂಬ ಒಂದು ಮಾತೂ ಇಲ್ಲ. ಲವಂಗವನ್ನು ನಾವು ಪಲಾವಿಗೂ ಹಾಕುತ್ತೇವೆ, ಕಷಾಯಕ್ಕೂ ಹಾಕುತ್ತೇವೆ, ಬಾಯಲ್ಲಿಟ್ಟುಕೊಂಡು ಅಗಿಯುತ್ತೇವೆ. ಹಾಗಿರುವಾಗ ಅದರ ಎಣ್ಣೆ ಬಾಯನ್ನು ಸುಡುವುದು ಹೇಗೆ? ಇದರ ರಸಾಯನವನ್ನು ಬಲ್ಲವರು, ದಂತವೈದ್ಯರು, ವ್ಯಾಪಾರ ಮಾಡುವವರು ದಯವಿಟ್ಟು ವಿವರವಾಗಿ ಬರೆಯಬೇಕು. ಮನೆಯಲ್ಲಿ ಎರಡು ವರ್ಷದ ಮಗುವೂ ಇರುವುದರಿಂದ ಕೇಳುತ್ತಿದ್ದೇನೆ.

ರಸಾಯನಶಾಸ್ತ್ರದ ಮೇಷ್ಟ್ರು, ಚಿತ್ರದುರ್ಗ

ತಂಗಿ, ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ, ಏಕೆಂದರೆ ಉಳಿದೆಲ್ಲಕ್ಕೂ ಉತ್ತರ ಅದರಲ್ಲಿಯೇ ಇದೆ. ಲವಂಗ ಎಂಬುದು ಅರಳುವ ಮೊದಲೇ ಕೊಯ್ದು ಒಣಗಿಸಿದ ಹೂಮೊಗ್ಗು. ಅದರ ಮರ ನಮ್ಮ ನೇರಳೆಯ ಕುಲಕ್ಕೆ ಸೇರಿದ್ದು. ನೇರಳೆ ಸಿಜೀಜಿಯಂ ಕ್ಯುಮಿನಿ, ಲವಂಗ ಸಿಜೀಜಿಯಂ ಅರೊಮ್ಯಾಟಿಕಂ. ಒಣಮೊಗ್ಗಿನ ತೂಕದಲ್ಲಿ ಸುಮಾರು ಶೇಕಡಾ 15ರಿಂದ 20ರಷ್ಟು ಆವಿಯಾಗುವ ಎಣ್ಣೆ ಇರುತ್ತದೆ. ಮಸಾಲೆ ಪದಾರ್ಥಗಳಲ್ಲಿ ಇಷ್ಟೊಂದು ಎಣ್ಣೆಯನ್ನು ತುಂಬಿಕೊಂಡಿರುವವು ಬಹಳ ಕಡಿಮೆ. ಆ ಎಣ್ಣೆಯಲ್ಲಿ ಮುಕ್ಕಾಲು ಪಾಲಿಗಿಂತಲೂ ಹೆಚ್ಚಾಗಿ ಸಾಮಾನ್ಯವಾಗಿ ಇರುವುದು ಯೂಜೆನಾಲ್ ಎಂಬ ಒಂದೇ ಪದಾರ್ಥ. ಉಳಿದದ್ದರಲ್ಲಿ ಯೂಜೆನೈಲ್ ಅಸಿಟೇಟ್ ಮತ್ತು ಬೀಟಾ ಕ್ಯಾರಿಯೊಫಿಲೀನ್ ಮುಖ್ಯವಾದವು.

ಒಂದು ಲವಂಗವನ್ನು ಅಗಿದಾಗ ಈ ಯೂಜೆನಾಲ್ ನಾರಿನಿಂದ ನಿಧಾನವಾಗಿ ಬಿಡುಗಡೆಯಾಗುತ್ತದೆ, ಜೊಲ್ಲಿನಲ್ಲಿ ಹರಡಿ ತೆಳುವಾಗುತ್ತದೆ. ಸೀಸೆಯಲ್ಲಿ ನಾರೂ ಇಲ್ಲ, ನೀರೂ ಇಲ್ಲ. ಯೂಜೆನಾಲ್ ಫೀನಾಲ್ ಗುಂಪಿಗೆ ಸೇರಿದ ವಸ್ತುವಾದ್ದರಿಂದ, ದಟ್ಟವಾಗಿರುವಾಗ ತೇವವಾದ ಒಳಚರ್ಮಕ್ಕೆ ತಗುಲಿದರೆ ಅಲ್ಲಿನ ಜೀವಕೋಶಗಳ ಪೊರೆಯನ್ನೂ ಪ್ರೋಟೀನನ್ನೂ ಕೆಡಿಸುತ್ತದೆ. ನಿಮ್ಮ ಅತ್ತೆಯವರ ವಸಡು ಬೆಳ್ಳಗಾಗಿರುವುದು ಹೀಗೆಯೇ ಇರಬೇಕು. ಅದನ್ನು ಸುಟ್ಟಗಾಯವೆಂದೇ ಎಣಿಸಿ.

ಎಣ್ಣೆ ತೆಗೆಯುವ ಬಗೆಯನ್ನೂ ತಿಳಿದುಕೊಂಡರೆ ಅನುಕೂಲ. ಯೂಜೆನಾಲ್ ತಾನೊಂದೇ ಕುದಿಯಬೇಕಾದರೆ ಸುಮಾರು 254 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆದರೆ ಲವಂಗವನ್ನು ನೀರಿನಲ್ಲಿ ಕುದಿಸಿದಾಗ ಅಥವಾ ಅದರ ಮೂಲಕ ಹಬೆ ಹಾಯಿಸಿದಾಗ, ನೀರಿನ ಆವಿಯ ಒತ್ತಡವೂ ಎಣ್ಣೆಯ ಆವಿಯ ಒತ್ತಡವೂ ಕೂಡಿ ಹೊರಗಿನ ಗಾಳಿಯ ಒತ್ತಡಕ್ಕೆ ಸಮವಾಗುವುದರಿಂದ, 100 ಡಿಗ್ರಿಗಿಂತ ಸ್ವಲ್ಪ ಕೆಳಗೇ ಎರಡೂ ಜೊತೆಯಾಗಿ ಹೊರಡುತ್ತವೆ. ಆ ಆವಿಯನ್ನು ತಣಿಸಿದರೆ ನೀರು ಮತ್ತು ಎಣ್ಣೆ ಬೇರೆಯಾಗುತ್ತವೆ. ಇಲ್ಲಿ ಒಂದು ವಿಶೇಷವಿದೆ: ನಮಗೆ ಗೊತ್ತಿರುವ ಎಣ್ಣೆಗಳೆಲ್ಲ ನೀರಿನ ಮೇಲೆ ತೇಲುತ್ತವೆ, ಲವಂಗದ ಎಣ್ಣೆ ತಳಕ್ಕೆ ಇಳಿಯುತ್ತದೆ. ಅದರ ಸಾಂದ್ರತೆ ನೀರಿಗಿಂತ ಹೆಚ್ಚು, ಸುಮಾರು 1.04ರಿಂದ 1.07ರವರೆಗೆ.

ಮನೆಯಲ್ಲಿ ಶೇಂಗಾ ಎಣ್ಣೆಗೆ ಲವಂಗ ಹಾಕಿ ಸಣ್ಣ ಉರಿಯಲ್ಲಿ ಕಾಯಿಸಿ ಸೋಸಿಟ್ಟುಕೊಳ್ಳುವ ಎಣ್ಣೆಯೇ ಬೇರೆ, ಬಟ್ಟಿ ಇಳಿಸಿದ ಈ ಎಣ್ಣೆಯೇ ಬೇರೆ. ಮೊದಲನೆಯದರಲ್ಲಿ ಯೂಜೆನಾಲ್ ಅಲ್ಪಸ್ವಲ್ಪ ಇರುತ್ತದೆ, ಎರಡನೆಯದು ಬಹುಮಟ್ಟಿಗೆ ಯೂಜೆನಾಲೇ. ಹಿರಿಯರು "ಲವಂಗದ ಎಣ್ಣೆ ಹಚ್ಚು" ಎಂದಾಗ ಎಷ್ಟೋ ಸಲ ಅವರ ಮನಸ್ಸಿನಲ್ಲಿ ಇರುವುದು ಮೊದಲನೆಯದು, ನಾವು ಅಂಗಡಿಯಿಂದ ತರುವುದು ಎರಡನೆಯದು. ಅಪಾಯ ಹೆಚ್ಚಾಗಿ ಈ ಸಂದಿನಲ್ಲಿಯೇ ಇದೆ ಎಂದು ನನ್ನ ಅಭಿಪ್ರಾಯ.

ಚೌಕಿಪೇಟೆಯ ಕಿರಾಣಿ ವ್ಯಾಪಾರಿ

ಮೇಷ್ಟ್ರು ರಸಾಯನವನ್ನು ಹೇಳಿದ್ದಾರೆ, ನಾನು ಮಾಲಿನ ವಿಷಯ ಹೇಳುತ್ತೇನೆ. ನಮ್ಮ ಪೇಟೆಗೆ ಬರುವ ಲವಂಗದಲ್ಲಿ ಬಹುಪಾಲು ಶ್ರೀಲಂಕಾ, ಮಡಗಾಸ್ಕರ್, ಇಂಡೋನೇಷ್ಯಾ, ತಾಂಜಾನಿಯಾ ದೇಶಗಳಿಂದ ಬಂದದ್ದು. ನಮ್ಮ ದೇಶದಲ್ಲಿ ಕನ್ಯಾಕುಮಾರಿ, ನೀಲಗಿರಿ, ಕೇರಳದ ಕೆಲವು ಭಾಗ, ಸ್ವಲ್ಪಮಟ್ಟಿಗೆ ದಕ್ಷಿಣ ಕನ್ನಡದಲ್ಲಿ ಬೆಳೆಯುತ್ತಾರೆ, ಆದರೆ ಅದು ನಮ್ಮ ಬಳಕೆಗೆ ಸಾಲುವುದಿಲ್ಲ.

ಮಾರುಕಟ್ಟೆಯಲ್ಲಿ ಒಂದು ಮೋಸ ಹಳೆಯ ಕಾಲದಿಂದ ನಡೆದುಬಂದಿದೆ. ಬಟ್ಟಿ ಇಳಿಸಿ ಎಣ್ಣೆ ತೆಗೆದ ಲವಂಗವನ್ನು ಮತ್ತೆ ಒಣಗಿಸಿ, ಒಳ್ಳೆಯದರ ಜೊತೆ ಬೆರೆಸಿ ಮಾರುತ್ತಾರೆ. ನೋಡಲು ಹೆಚ್ಚು ಕಪ್ಪಾಗಿ, ಸುಕ್ಕಾಗಿ ಇರುತ್ತದೆ, ತಲೆಯ ಮೇಲಿನ ಗುಂಡು ಬಹಳಷ್ಟರಲ್ಲಿ ಉದುರಿರುತ್ತದೆ. ಒಂದು ಲೋಟ ನೀರಿಗೆ ಹಾಕಿ ನೋಡಿ: ಎಣ್ಣೆ ತುಂಬಿದ ಲವಂಗ ತಳಕ್ಕೆ ಇಳಿಯುತ್ತದೆ ಅಥವಾ ತಲೆ ಮೇಲೆ ಮಾಡಿ ನೆಟ್ಟಗೆ ನಿಲ್ಲುತ್ತದೆ, ಎಣ್ಣೆ ತೆಗೆದದ್ದು ಅಡ್ಡಲಾಗಿ ತೇಲುತ್ತದೆ. ಉಗುರಿನಿಂದ ಒತ್ತಿದರೆ ಒಳ್ಳೆಯ ಲವಂಗದಲ್ಲಿ ಎಣ್ಣೆಯ ಪಸೆ ಕಾಣಬೇಕು.

ಸೀಸೆಯ ಎಣ್ಣೆಯಲ್ಲಿ ಮೂರು ಬಗೆಗಳಿವೆ. ಮೊಗ್ಗಿನ ಎಣ್ಣೆ, ತೊಟ್ಟಿನ ಎಣ್ಣೆ, ಎಲೆಯ ಎಣ್ಣೆ. ಎಲೆಯಲ್ಲಿ ಶೇಕಡಾ 2ರಿಂದ 3ರಷ್ಟು ಎಣ್ಣೆ ಮಾತ್ರ ಸಿಗುವುದಾದರೂ, ಎಲೆ ಅಗ್ಗವಾದ್ದರಿಂದ ಅದರ ಎಣ್ಣೆಯೂ ಅಗ್ಗ. ಅಂಗಡಿಗೆ ಬರುವ ಕಡಿಮೆ ಬೆಲೆಯ ಸೀಸೆಗಳಲ್ಲಿ ಮೊಗ್ಗಿನ ಎಣ್ಣೆಯೇ ಇರುತ್ತದೆ ಎಂದು ನಾನು ಯಾವ ಗಿರಾಕಿಗೂ ಮಾತು ಕೊಡುವುದಿಲ್ಲ. ಅಕ್ಕಾವ್ರೆ, ನಿಮ್ಮ ಸೀಸೆಯ ಮೇಲೆ ಭಾಗದ ಹೆಸರು, ತಯಾರಿಸಿದ ದಿನಾಂಕ, ಬ್ಯಾಚ್ ಸಂಖ್ಯೆ ಇಲ್ಲದಿದ್ದರೆ ಅದನ್ನು ಬಾಯಿಗೆ ಬಳಸಬೇಡಿ.

ವಿನೋಬನಗರದ ಓದುಗಿ

ತುಂಬಾ ಧನ್ಯವಾದಗಳು. ಎಲೆಯ ಎಣ್ಣೆ ಎಂದರೆ ಅದರಲ್ಲಿ ಗುಣ ಕಡಿಮೆ ಇರುತ್ತದೆಯೇ? ಅಡುಗೆ ಎಣ್ಣೆ ಬೆರೆಸಿದ್ದರೆ ಮನೆಯಲ್ಲಿಯೇ ಪತ್ತೆ ಹಚ್ಚಬಹುದೇ?

ರಸಾಯನಶಾಸ್ತ್ರದ ಮೇಷ್ಟ್ರು, ಚಿತ್ರದುರ್ಗ

ಎಲೆಯ ಮತ್ತು ತೊಟ್ಟಿನ ಎಣ್ಣೆಯಲ್ಲಿ ಯೂಜೆನಾಲ್ ಕಡಿಮೆಯೇನೂ ಇರುವುದಿಲ್ಲ. ಎಷ್ಟೋ ಸಲ ಮೊಗ್ಗಿನ ಎಣ್ಣೆಗಿಂತ ಹೆಚ್ಚೇ ಇರುತ್ತದೆ. ಅವುಗಳಲ್ಲಿ ಕಡಿಮೆ ಇರುವುದು ಯೂಜೆನೈಲ್ ಅಸಿಟೇಟ್. ಮೊಗ್ಗಿನ ಎಣ್ಣೆಗೆ ಹಣ್ಣಿನಂಥ ಮೆದು ಪರಿಮಳ ಬರುವುದರಲ್ಲಿ ಅದರ ಪಾಲು ದೊಡ್ಡದು. ಎಲೆಯ ಎಣ್ಣೆಯ ವಾಸನೆ ಒರಟು, ಬಣ್ಣವೂ ಗಾಢ. ಹೀಗಾಗಿ ಅಗ್ಗದ ಎಣ್ಣೆ ಸೌಮ್ಯವಾಗಿರುತ್ತದೆ ಎಂದು ಭಾವಿಸಿದರೆ ತಪ್ಪಾಗುತ್ತದೆ, ಅದು ಇನ್ನೂ ಹೆಚ್ಚು ಸುಡಬಹುದು.

ಕಲಬೆರಕೆಯ ಪರೀಕ್ಷೆಗೆ, ಗಾಜಿನ ಲೋಟದ ನೀರಿಗೆ ಒಂದು ಹನಿಯನ್ನು ಮೆಲ್ಲಗೆ ಮೇಲ್ಮೈಯ ಒಳಗೆ ಬಿಡಿ. ತೇಲಿದರೆ ಅದರಲ್ಲಿ ಅಡುಗೆ ಎಣ್ಣೆ ಬಹಳಷ್ಟು ಬೆರೆತಿದೆ. ಮುಳುಗಿದರೆ ಮಾತ್ರ ಪೂರ್ತಿ ಶುದ್ಧವೆಂದು ತೀರ್ಮಾನಿಸಬೇಡಿ. ಲವಂಗದ ಎಣ್ಣೆಯ ಸಾಂದ್ರತೆ 1.05 ಮತ್ತು ಶೇಂಗಾ ಎಣ್ಣೆಯದು 0.915 ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ಮೂರನೇ ಒಂದು ಪಾಲಿಗಿಂತ ಹೆಚ್ಚು ಬೆರೆಸುವವರೆಗೂ ಮಿಶ್ರಣ ಮುಳುಗುತ್ತಲೇ ಇರುತ್ತದೆ. ಆದ್ದರಿಂದ ಇನ್ನೊಂದು ಪರೀಕ್ಷೆಯನ್ನೂ ಮಾಡಿ: ಬಿಳಿ ಕಾಗದದ ಮೇಲೆ ಒಂದು ಹನಿ ಹಾಕಿ, ಗಾಳಿಯಾಡುವ ಕಡೆ ಒಂದೆರಡು ದಿನ ಬಿಡಿ. ಲವಂಗದ ಎಣ್ಣೆ ನಿಧಾನವಾಗಿಯಾದರೂ ಆರುತ್ತದೆ, ತಿಳಿಹಳದಿ ಗುರುತು ಉಳಿದರೂ ಕಾಗದದಲ್ಲಿ ಜಿಡ್ಡು ಇರುವುದಿಲ್ಲ. ಅಡುಗೆ ಎಣ್ಣೆ ಇದ್ದರೆ ಬೆಳಕಿಗೆ ಹಿಡಿದಾಗ ಪಾರದರ್ಶಕವಾದ ಜಿಡ್ಡಿನ ಕಲೆ ಹಾಗೆಯೇ ಉಳಿದಿರುತ್ತದೆ.

ಪ್ರಯೋಗಾಲಯದಲ್ಲಿ ಮಾಡುವ ಅಳತೆ ಇದಕ್ಕಿಂತ ನಿಖರ. ಯೂಜೆನಾಲ್ ಫೀನಾಲ್ ಆದ್ದರಿಂದ ಕ್ಷಾರದಲ್ಲಿ ಕರಗುತ್ತದೆ. ಅಳತೆಯ ಗೆರೆಗಳಿರುವ ಉದ್ದ ಕುತ್ತಿಗೆಯ ಫ್ಲಾಸ್ಕಿನಲ್ಲಿ ಎಣ್ಣೆಯನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದೊಂದಿಗೆ ಕಲಕಿದರೆ ಯೂಜೆನಾಲ್ ಕೆಳಗಿನ ದ್ರಾವಣಕ್ಕೆ ಹೋಗುತ್ತದೆ, ಕರಗದೆ ಮೇಲೆ ಉಳಿದದ್ದನ್ನು ಅಳೆದು ಶೇಕಡಾವಾರು ಪ್ರಮಾಣವನ್ನು ಹೇಳಬಹುದು. ಕ್ಷಾರ ಕಣ್ಣಿಗೆ ಸಿಡಿದರೆ ಅನಾಹುತವಾಗುತ್ತದೆ, ಮನೆಯಲ್ಲಿ ಮಾಡುವ ಕೆಲಸವಲ್ಲ.

ದಂತವೈದ್ಯೆ, ದಾವಣಗೆರೆ

ಈ ಚರ್ಚೆಯನ್ನು ಮೊದಲಿನಿಂದ ಓದಿದೆ. ಪ್ರತಿ ವಾರ ಎಂಬಂತೆ ಇಂಥ ಬೆಳ್ಳಗಾದ ವಸಡುಗಳನ್ನು ನೋಡುವವಳಾದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಮೊದಲಿಗೆ, ಲವಂಗದ ಎಣ್ಣೆ ಹಲ್ಲುನೋವನ್ನು ತಗ್ಗಿಸುತ್ತದೆ ಎಂಬುದು ಮೂಢನಂಬಿಕೆಯಲ್ಲ. ನರದ ತಂತುಗಳಲ್ಲಿ ನೋವಿನ ಸಂಕೇತ ಸಾಗಬೇಕಾದರೆ ಸೋಡಿಯಂ ಒಳನುಗ್ಗುವ ಸಣ್ಣ ದ್ವಾರಗಳು ತೆರೆದುಕೊಳ್ಳಬೇಕು. ಯೂಜೆನಾಲ್ ಅವುಗಳನ್ನು ತಡೆಯುತ್ತದೆ. ಮೆಣಸಿನಕಾಯಿಯ ಖಾರವನ್ನು ಗುರುತಿಸುವ ಗ್ರಾಹಕಗಳ ಮೇಲೂ ಅದು ಕೆಲಸ ಮಾಡುವುದರಿಂದಲೇ ಮೊದಲು ಉರಿದು, ಆಮೇಲೆ ಜೋಮು ಹಿಡಿದಂತಾಗುತ್ತದೆ. 2006ರಲ್ಲಿ ಕುವೈತ್‌ನ ದಂತವೈದ್ಯರು ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಬಾಯಿಯಲ್ಲಿ ಸೂಜಿ ಚುಚ್ಚುವ ಮೊದಲು ಹಚ್ಚಿದ ಲವಂಗದ ಲೇಪವು ನೋವನ್ನು ಕಡಿಮೆ ಮಾಡುವುದರಲ್ಲಿ, ಜೋಮು ಹಿಡಿಸಲು ನಾವು ಹಚ್ಚುವ ಬೆಂಜೊಕೇನ್ ಮುಲಾಮಿಗೆ ಸರಿಸಮನಾಗಿತ್ತು.

ನಮ್ಮ ವೃತ್ತಿಯಲ್ಲಿ ಯೂಜೆನಾಲ್ ಇಂದಿಗೂ ಪ್ರತಿದಿನ ಬಳಕೆಯಲ್ಲಿದೆ. ಜಿಂಕ್ ಆಕ್ಸೈಡ್ ಪುಡಿಯನ್ನು ಯೂಜೆನಾಲ್ ಜೊತೆ ಗಾಜಿನ ಹಲಗೆಯ ಮೇಲೆ ಅರೆದರೆ ಎರಡೂ ಕೂಡಿ ಜಿಂಕ್ ಯೂಜೆನೊಲೇಟ್ ಆಗಿ ಗಟ್ಟಿಯಾಗುತ್ತದೆ. ತೇವ ಇದ್ದರೆ ಬೇಗ ಗಟ್ಟಿಯಾಗುವುದರಿಂದ ಬಾಯಿಯ ಒಳಗೆ ಅದು ಒಳ್ಳೆಯ ತಾತ್ಕಾಲಿಕ ಸಿಮೆಂಟ್. ಹತ್ತೊಂಬತ್ತನೆಯ ಶತಮಾನದಿಂದ ಬಂದಿರುವ ಈ ಮಿಶ್ರಣದ ಹೆಚ್ಚುಗಾರಿಕೆ ಏನೆಂದರೆ, ಯೂಜೆನಾಲ್ ಅದರಿಂದ ಅತಿ ಸಣ್ಣ ಪ್ರಮಾಣದಲ್ಲಿ, ನಿಧಾನವಾಗಿ ಹೊರಬಂದು ಹಲ್ಲಿನೊಳಗಿನ ನರವನ್ನು ಶಾಂತಗೊಳಿಸುತ್ತದೆ. ಹಲ್ಲಿನ ಬಣ್ಣದ ರಾಳದ ತುಂಬುವಿಕೆಯನ್ನು ಹಾಕುವ ಕಡೆ ಮಾತ್ರ ಇದನ್ನು ಅಡಿಯಲ್ಲಿ ಬಳಸುವುದಿಲ್ಲ, ಏಕೆಂದರೆ ರಾಳ ಗಟ್ಟಿಯಾಗುವುದನ್ನು ಯೂಜೆನಾಲ್ ತಡೆಯುತ್ತದೆ. ನೀವು ಮನೆಯಲ್ಲಿ ಲವಂಗದ ಎಣ್ಣೆ ಬಳಸಿದ್ದರೆ ವೈದ್ಯರಿಗೆ ತಿಳಿಸಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಇನ್ನು ಮನೆಯ ಬಳಕೆ. ನೋವು ಎದ್ದ ರಾತ್ರಿ, ಬೆಳಗಾಗುವವರೆಗೆ ತಡೆದುಕೊಳ್ಳಲು ದೊಡ್ಡವರು ಇದನ್ನು ಬಳಸಬಹುದು. ಒಂದು ಹನಿ ಲವಂಗದ ಎಣ್ಣೆಗೆ ಕನಿಷ್ಠ ಹತ್ತು ಹನಿ ಕೊಬ್ಬರಿ ಎಣ್ಣೆ ಅಥವಾ ಶೇಂಗಾ ಎಣ್ಣೆ ಬೆರೆಸಿ, ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದಾದ ಹತ್ತಿಯ ಉಂಡೆಯನ್ನು ಅದರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಹುಳುಕಿನ ಗುಂಡಿಯೊಳಗೆ ಮಾತ್ರ ಇಡಬೇಕು. ವಸಡಿಗೆ, ನಾಲಿಗೆಗೆ, ಕೆನ್ನೆಯ ಒಳಬದಿಗೆ ತಗುಲಬಾರದು. ಕೆಲವು ನಿಮಿಷಗಳ ನಂತರ ತೆಗೆದು, ಬಾಯಿ ಮುಕ್ಕಳಿಸಿ ಉಗುಳಬೇಕು, ಇಟ್ಟುಕೊಂಡು ಮಲಗಬಾರದು. ನೋವಿನ ಮಾತ್ರೆಯನ್ನು ವಸಡಿನ ಮೇಲೆ ಇಟ್ಟುಕೊಳ್ಳುವ ಅಭ್ಯಾಸವೂ ನಮ್ಮ ಕಡೆ ಇದೆ, ಅದೂ ಹೀಗೆಯೇ ಸುಡುತ್ತದೆ.

ಆದರೆ ಎಣ್ಣೆ ಹುಳುಕನ್ನು ನಿಲ್ಲಿಸುವುದಿಲ್ಲ. ರಾತ್ರಿ ತಾನಾಗಿಯೇ ಏಳುವ, ಬಹಳ ಹೊತ್ತು ನಿಲ್ಲುವ ನೋವು ಎಂದರೆ ಸೋಂಕು ಹಲ್ಲಿನ ಒಳತಿರುಳಿಗೆ ಮುಟ್ಟಿರುವ ಸಂಭವ ಹೆಚ್ಚು. ಕೆಲವು ದಿನಗಳ ನಂತರ ತಿರುಳು ಸತ್ತು ನೋವು ನಿಂತುಹೋದಾಗ, ಎಣ್ಣೆಯಿಂದಲೇ ವಾಸಿಯಾಯಿತು ಎಂದು ಜನ ನಂಬಿಬಿಡುತ್ತಾರೆ. ಅಷ್ಟರಲ್ಲಿ ಬೇರಿನ ತುದಿಯಲ್ಲಿ ಕೀವು ಶುರುವಾಗಿರುತ್ತದೆ. ಮುಖ ಊದಿಕೊಂಡರೆ, ಜ್ವರ ಬಂದರೆ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ಎರಡು ದಂತ ವೈದ್ಯಕೀಯ ಕಾಲೇಜುಗಳಿರುವ ಊರು ನಮ್ಮದು. ಇಲ್ಲಿ ಯಾರೂ ತಿಂಗಳುಗಟ್ಟಲೆ ಸೀಸೆಯ ಎಣ್ಣೆಯನ್ನು ನಂಬಿ ಕೂರುವ ಅಗತ್ಯವಿಲ್ಲ. ತಾಯಿ, ನಿಮ್ಮ ಅತ್ತೆಯವರನ್ನು ಈ ವಾರವೇ ತೋರಿಸಿ. ಅವರು ರಕ್ತ ತೆಳುಗೊಳಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಎಣ್ಣೆ ಬಳಸುವುದನ್ನು ಇಂದೇ ನಿಲ್ಲಿಸಿ, ಏಕೆಂದರೆ ಯೂಜೆನಾಲ್‌ಗೂ ರಕ್ತ ಹೆಪ್ಪುಗಟ್ಟುವುದನ್ನು ತಗ್ಗಿಸುವ ಗುಣ ಇದೆ.

ಹರಿಹರದಿಂದ ಒಬ್ಬ ತಾಯಿ

ಡಾಕ್ಟ್ರೇ, ನಮ್ಮ ಮನೆಯಲ್ಲಿ ಹಲ್ಲು ಹುಟ್ಟುವ ಮಗುವಿನ ವಸಡಿಗೆ ಬೆರಳ ತುದಿಯಲ್ಲಿ ಒಂದಿಷ್ಟು ಲವಂಗದ ಎಣ್ಣೆ ಸವರುವ ರೂಢಿ ಇದೆ. ಶೀತವಾದಾಗ ಎದೆಗೂ ಹಚ್ಚುತ್ತಾರೆ. ಒಂದೇ ಹನಿಯಾದರೆ ತೊಂದರೆ ಇಲ್ಲವಲ್ಲ?

ದಂತವೈದ್ಯೆ, ದಾವಣಗೆರೆ

ತೊಂದರೆ ಇದೆಯಮ್ಮಾ, ಇದನ್ನು ಬಹಳ ಸ್ಪಷ್ಟವಾಗಿ ಹೇಳಬೇಕಾಗಿದೆ. ಆಹಾರದ ಸೇರ್ಪಡೆಗಳನ್ನು ಪರಿಶೀಲಿಸುವ ಅಂತರರಾಷ್ಟ್ರೀಯ ತಜ್ಞರ ಸಮಿತಿಯು ಯೂಜೆನಾಲ್‌ಗೆ ನಿಗದಿಪಡಿಸಿರುವ ದಿನದ ಗರಿಷ್ಠ ಮಿತಿ, ದೇಹದ ತೂಕದ ಪ್ರತಿ ಕಿಲೋಗ್ರಾಂಗೆ 2.5 ಮಿಲಿಗ್ರಾಂ. ಹತ್ತು ಕಿಲೋ ತೂಕದ ಮಗುವಿಗೆ ಅದು ದಿನಕ್ಕೆ 25 ಮಿಲಿಗ್ರಾಂ ಆಗುತ್ತದೆ. ಒಂದು ಮಿಲಿಲೀಟರಿಗೆ ಇಪ್ಪತ್ತು ಹನಿ ಎಂದು ಹಿಡಿದರೆ ಒಂದು ಹನಿ ಎಣ್ಣೆಯ ತೂಕ ಸುಮಾರು 50 ಮಿಲಿಗ್ರಾಂ, ಅದರಲ್ಲಿ ಯೂಜೆನಾಲ್ 40 ಮಿಲಿಗ್ರಾಂ ಆಸುಪಾಸು ಇರುತ್ತದೆ. ಅಂದರೆ ಒಂದೇ ಹನಿಗೆ ಮಗುವಿನ ಮಿತಿ ದಾಟಿಹೋಗುತ್ತದೆ. ಈ ಮಿತಿಯನ್ನು ಜೀವನವಿಡೀ ಪ್ರತಿದಿನ ಸೇವಿಸುವುದನ್ನು ಲೆಕ್ಕಕ್ಕೆ ಹಿಡಿದು ಇಟ್ಟಿದ್ದಾರೆ, ಆದ್ದರಿಂದ ಒಮ್ಮೆ ಒಂದು ಹನಿ ಹೋಯಿತೆಂದು ಗಾಬರಿಪಡಬೇಕಾಗಿಲ್ಲ. ಆದರೆ ಎಳೆಯ ವಸಡು ಸುಡುವುದಕ್ಕೆ ಆ ಒಂದು ಹನಿಯೇ ಸಾಕು.

5ರಿಂದ 10 ಮಿಲಿಲೀಟರ್ ಕುಡಿದ ಪುಟ್ಟ ಮಕ್ಕಳು ಪ್ರಜ್ಞೆ ತಪ್ಪಿ, ಸೆಳವು ಬಂದು, ಯಕೃತ್ತಿಗೆ ತೀವ್ರ ಹಾನಿಯಾಗಿ ಸಾವಿನ ಅಂಚಿಗೆ ಹೋದ ಪ್ರಸಂಗಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಇದು ಒಂದೆರಡು ಚಮಚದಷ್ಟು, ಅಂಗಡಿಯ ಒಂದು ಸಣ್ಣ ಸೀಸೆಯಷ್ಟು. ಪ್ಯಾರಾಸಿಟಮಾಲ್ ಮಿತಿಮೀರಿದಾಗ ಯಕೃತ್ತಿನ ರಕ್ಷಕ ದ್ರವ್ಯ ಬರಿದಾಗುತ್ತದೆಯಲ್ಲ, ಯೂಜೆನಾಲ್ ವಿಷವೂ ಅದೇ ದಾರಿಯಲ್ಲಿ ಹಾನಿ ಮಾಡುವುದರಿಂದ ಎರಡಕ್ಕೂ ಅಸಿಟೈಲ್‌ಸಿಸ್ಟೀನ್ ಔಷಧವನ್ನು ಕೊಟ್ಟಿದ್ದಾರೆ. ಮಗು ಕುಡಿದುಬಿಟ್ಟರೆ ವಾಂತಿ ಮಾಡಿಸಬೇಡಿ, ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಅಪಾಯ ಇಮ್ಮಡಿಯಾಗುತ್ತದೆ. ಸೀಸೆಯನ್ನು ಕೈಯಲ್ಲಿ ಹಿಡಿದುಕೊಂಡು ತಕ್ಷಣ ಆಸ್ಪತ್ರೆಗೆ ಹೊರಡಿ ಅಥವಾ 108ಕ್ಕೆ ಕರೆ ಮಾಡಿ.

ಹಲ್ಲು ಹುಟ್ಟುವ ಮಗುವಿಗೆ ಶುಭ್ರವಾದ ಬಟ್ಟೆಯನ್ನು ತಣ್ಣೀರಿನಲ್ಲಿ ಒದ್ದೆ ಮಾಡಿ ಕಚ್ಚಲು ಕೊಡಿ, ಶುಚಿಯಾದ ಬೆರಳಿನಿಂದ ವಸಡನ್ನು ಮೃದುವಾಗಿ ತಿಕ್ಕಿ, ಸಾಕು. ಎದೆಗೆ ಹಚ್ಚುವುದನ್ನೂ ಬಿಟ್ಟುಬಿಡಿ. ಮಗು ಆ ಕೈಯನ್ನೇ ಕಣ್ಣಿಗೂ ಬಾಯಿಗೂ ಒಯ್ಯುತ್ತದೆ.

ಹೊಳಲ್ಕೆರೆಯ ರೈತ

ನನ್ನದೊಂದು ಸಣ್ಣ ಪ್ರಶ್ನೆ. ಮಾವಿನ ತೋಟದಲ್ಲಿ ಹಣ್ಣುನೊಣಕ್ಕೆ ಮೋಹಕ ಬಲೆ ಕಟ್ಟುತ್ತೇವೆ, ಅದರಲ್ಲಿ ಮೀಥೈಲ್ ಯೂಜೆನಾಲ್ ಇರುತ್ತದೆ. ಇಲ್ಲಿ ಯೂಜೆನಾಲ್ ಎಂದು ಓದಿದ ಮೇಲೆ, ಲವಂಗದ ಎಣ್ಣೆಯನ್ನೇ ಬಲೆಗೆ ಹಾಕಬಹುದೇ ಎಂದು ಅನುಮಾನ ಬಂತು. ಹಾಗೆಯೇ, ನಮ್ಮ ಕಡೆ ಲವಂಗದ ಗಿಡ ನೆಟ್ಟು ಎಣ್ಣೆ ತೆಗೆಯಬಹುದೇ?

ರಸಾಯನಶಾಸ್ತ್ರದ ಮೇಷ್ಟ್ರು, ಚಿತ್ರದುರ್ಗ

ಗೌಡ್ರೇ, ಎರಡಕ್ಕೂ ಉತ್ತರ ಇಲ್ಲ ಎಂದೇ. ಯೂಜೆನಾಲ್ ಅಣುವಿನಲ್ಲಿ ಆಮ್ಲಜನಕದ ಜೊತೆ ಒಂದು ಜಲಜನಕ ಇರುವ ಜಾಗದಲ್ಲಿ ಮೀಥೈಲ್ ಗುಂಪು ಕೂತರೆ ಅದು ಮೀಥೈಲ್ ಯೂಜೆನಾಲ್ ಆಗುತ್ತದೆ. ಕಾಗದದ ಮೇಲೆ ಬರೆದರೆ ವ್ಯತ್ಯಾಸ ಇಷ್ಟೇ, ಆದರೆ ಗಂಡು ಹಣ್ಣುನೊಣ ಎರಡನ್ನೂ ಚೆನ್ನಾಗಿ ಬೇರ್ಪಡಿಸಿ ಗುರುತಿಸುತ್ತದೆ. ಮಾವು ಮತ್ತು ಪೇರಲಕ್ಕೆ ಬೀಳುವ ಬ್ಯಾಕ್ಟ್ರೊಸೆರಾ ಡೋರ್ಸಾಲಿಸ್ ಜಾತಿಯ ಗಂಡುಗಳು ಮೀಥೈಲ್ ಯೂಜೆನಾಲ್‌ನ ಮೇಲೆ ಮುಗಿಬೀಳುತ್ತವೆ. ಬಲೆಗೆ ಲವಂಗದ ಎಣ್ಣೆ ಹಾಕಿದರೆ ಹಣವೂ ಹೋಗುತ್ತದೆ, ಹಣ್ಣೂ ಹೋಗುತ್ತದೆ. ಕೃಷಿ ಕೇಂದ್ರದಲ್ಲಿ ಸಿಗುವ ಬಲೆಯನ್ನೇ ಕಟ್ಟಿ.

ಲವಂಗ ಹುಟ್ಟಿದ್ದು ಇಂಡೋನೇಷ್ಯಾದ ಮಲುಕು ದ್ವೀಪಗಳಲ್ಲಿ, ಟೆರ್ನಾಟೆ, ಟಿಡೋರೆಗಳ ಕಡೆ. ಡಚ್ಚರು ಅದನ್ನು ಹೊರಗೆ ಹೋಗದಂತೆ ಬಹುಕಾಲ ಕಾದಿಟ್ಟಿದ್ದರು. 1770ರಲ್ಲಿ ಪಿಯರ್ ಪಾವ್ರ್ ಎಂಬ ಫ್ರೆಂಚ್ ಆಡಳಿತಗಾರ ಸಸಿಗಳನ್ನು ಮಾರಿಷಸ್‌ಗೆ ತರಿಸಿದ ಮೇಲೆ ಅದು ಹಿಂದೂ ಮಹಾಸಾಗರದ ಸುತ್ತ ಹರಡಿತು. ಸಮುದ್ರದ ತೇವ, ಒಣಗದ ಮಣ್ಣು, ವರ್ಷಕ್ಕೆ 150 ಸೆಂಟಿಮೀಟರ್‌ಗೂ ಹೆಚ್ಚು ಮಳೆ ಬೇಡುವ ಮರ ಅದು. ನಮ್ಮ ಬಯಲುಸೀಮೆಯ ಬಿಸಿಲು, ಗಾಳಿಗೆ ಒಗ್ಗುವುದಿಲ್ಲ. ನೆಟ್ಟ ಮೇಲೆ ಮೊಗ್ಗು ಬರಲು ಏಳೆಂಟು ವರ್ಷ ಬೇಕು. ಅಂಗಡಿಯಿಂದ ಲವಂಗ ತಂದು ಬಟ್ಟಿ ಇಳಿಸುವುದಾದರೂ ಒಂದು ಕಿಲೋದಿಂದ ಹೆಚ್ಚೆಂದರೆ 150ರಿಂದ 200 ಮಿಲಿಲೀಟರ್ ಎಣ್ಣೆ ಬರುತ್ತದೆ, ಅದೂ ಹಲವಾರು ಗಂಟೆಗಳ ಉರುವಲು ಖರ್ಚಿನ ನಂತರ. ಹೊಳಲ್ಕೆರೆಯಲ್ಲಿ ಅಡಿಕೆ ಬಿಟ್ಟು ಇದಕ್ಕೆ ಕೈಹಾಕಬೇಡಿ.

ಮೀನು ಸಾಕುವವರಿಗೆ ಮಾತ್ರ ಇದರ ಒಂದು ಉಪಯೋಗ ಹೇಳಬಹುದು. ಮೀನುಗಳನ್ನು ತೂಗುವಾಗ, ಮೊಟ್ಟೆ ತೆಗೆಯುವಾಗ ಅವುಗಳನ್ನು ಮಂಪರಿಗೆ ತರಲು, ಮೊದಲು ಆಲ್ಕೊಹಾಲಿನಲ್ಲಿ ಕರಗಿಸಿದ ಲವಂಗದ ಎಣ್ಣೆಯನ್ನು ಲೀಟರ್ ನೀರಿಗೆ 50 ಮಿಲಿಗ್ರಾಂ ಆಸುಪಾಸಿನ ಪ್ರಮಾಣದಲ್ಲಿ ಬೆರೆಸುತ್ತಾರೆ. ಲೀಟರಿಗೆ ಒಂದು ಹನಿ ಎಂದಾಯಿತು! ಪ್ರಮಾಣ ಸ್ವಲ್ಪ ಹೆಚ್ಚಾದರೆ ಅಥವಾ ಹೆಚ್ಚು ಹೊತ್ತು ಬಿಟ್ಟರೆ ಮೀನಿನ ಉಸಿರು ನಿಲ್ಲುತ್ತದೆ, ಆದ್ದರಿಂದ ತಿಳಿದವರ ಎದುರು ಕಲಿತೇ ಮಾಡಬೇಕು.

ವಿನೋಬನಗರದ ಓದುಗಿ

ಎಲ್ಲರೂ ಇಷ್ಟು ಶ್ರಮವಹಿಸಿ ಬರೆದದ್ದಕ್ಕೆ ಋಣಿಯಾಗಿದ್ದೇನೆ. ಅತ್ತೆಯವರನ್ನು ತೋರಿಸಲು ಶುಕ್ರವಾರಕ್ಕೆ ಸಮಯ ತೆಗೆದುಕೊಂಡಿದ್ದೇವೆ. ಉಳಿದ ಎಣ್ಣೆಯನ್ನು ಕೀಲುನೋವಿಗೆ ಬಳಸಬಹುದೇ, ಮತ್ತು ಎಲ್ಲಿ ಇಡಬೇಕು ಎಂದು ಹೇಳಿದರೆ ಸಾಕು. ಸಕ್ಕರೆ ಡಬ್ಬಿಗೆ ಇರುವೆ ಬಾರದಂತೆ ಎಣ್ಣೆಯ ಹತ್ತಿ ಇಡಬಹುದು ಎಂದೂ ಯಾರೋ ಹೇಳಿದರು.

ರಸಾಯನಶಾಸ್ತ್ರದ ಮೇಷ್ಟ್ರು, ಚಿತ್ರದುರ್ಗ

ಚರ್ಮಕ್ಕೆ ಹಚ್ಚುವುದಾದರೆ ಶೇಕಡಾ ಅರ್ಧಕ್ಕಿಂತ ಹೆಚ್ಚು ಬೇಡ: ಎರಡು ಟೀ ಚಮಚ, ಅಂದರೆ 10 ಮಿಲಿಲೀಟರ್ ಶೇಂಗಾ ಎಣ್ಣೆಗೆ ಒಂದು ಹನಿ. ಚಳ್ಳಕೆರೆಯ ಗಾಣದ ಎಣ್ಣೆ ನಮ್ಮ ಕೈಗೆ ಎಟುಕುವಂತಿರುವಾಗ ಬೆರೆಸುವ ಎಣ್ಣೆಗೇನೂ ಕೊರತೆ ಇಲ್ಲ. ಮೊದಲು ಮುಂಗೈಯ ಒಳಬದಿಗೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ, ಏಕೆಂದರೆ ಯೂಜೆನಾಲ್ ಕೆಲವರ ಚರ್ಮಕ್ಕೆ ಅಲರ್ಜಿ ತರುತ್ತದೆ. ಒಡೆದ ಚರ್ಮಕ್ಕೆ ಹಚ್ಚಲೇಬಾರದು. ಸಕ್ಕರೆ ಡಬ್ಬಿಗೆ ನಾಲ್ಕು ಇಡೀ ಲವಂಗ ಹಾಕಿ. ಎಣ್ಣೆಯ ಹತ್ತಿ ಆಹಾರದ ಡಬ್ಬಿಯೊಳಗೆ ಬೇಡ.

ಸೀಸೆ ಕಂದು ಗಾಜಿನದಾಗಿರಲಿ. ಕೆಲವು ಬಗೆಯ ಪ್ಲಾಸ್ಟಿಕ್ ಮತ್ತು ರಬ್ಬರನ್ನು ಈ ಎಣ್ಣೆ ಮೆದುಗೊಳಿಸುವುದರಿಂದ, ರಬ್ಬರ್ ಬುರುಡೆಯ ಡ್ರಾಪರ್ ಅನ್ನು ಸೀಸೆಯಲ್ಲಿಯೇ ಬಿಟ್ಟು ಮುಚ್ಚಬೇಡಿ. ಗಾಳಿ ಮತ್ತು ಬೆಳಕು ತಗುಲಿದಂತೆ ಬಣ್ಣ ಕಂದಾಗುತ್ತ ಹೋಗುತ್ತದೆ. ಗಾಢ ಕಂದಾಗಿ ಮಂದವಾದದ್ದನ್ನು ಮೈಗೂ ಬಾಯಿಗೂ ಬಳಸಬೇಡಿ.

ಚೌಕಿಪೇಟೆಯ ಕಿರಾಣಿ ವ್ಯಾಪಾರಿ

ಇನ್ನೊಂದು ಮಾತು ಸೇರಿಸುತ್ತೇನೆ. ಅಡುಗೆಮನೆಯಲ್ಲಿ ಎಸೆನ್ಸ್ ಸೀಸೆಗಳ ಸಾಲಿನಲ್ಲಿ ಇದನ್ನು ಇಡಬೇಡಿ, ನೋಡಲು ಎರಡೂ ಒಂದೇ ತರಹ ಇರುತ್ತವೆ. ಔಷಧಿಯ ಕಪಾಟಿನ ಮೇಲಿನ ಖಾನೆಯಲ್ಲಿ, ಬೀಗ ಹಾಕಿ ಇಡಿ, ಮತ್ತು ಸೀಸೆಯ ಮೇಲೆ "ಕುಡಿಯಬಾರದು" ಎಂದು ಕನ್ನಡದಲ್ಲಿ ದಪ್ಪಗೆ ಬರೆದ ಚೀಟಿ ಅಂಟಿಸಿ. ನಾಳೆಯಿಂದ ನನ್ನ ಅಂಗಡಿಯಿಂದ ಹೋಗುವ ಪ್ರತಿ ಸೀಸೆಗೂ ಅಂಥ ಚೀಟಿ ಅಂಟಿಸಿಯೇ ಕೊಡುತ್ತೇನೆ.